ಎರಡು ವರ್ಷದ ಮೆಟ್ರಿಕ್: ದುರ್ಗಾಬಾಯಿ ದೇಶಮುಖ್

ಜರಗನಹಳ್ಳಿಯಲ್ಲಿ ಅಭ್ಯಾಸ ಬೋಧನೆಗೆ ಹೋಗಿದ್ದಾಗ ಪೋಷಕರ ಸಭೆಗೆ ಬಂದ ತಾಯಿಯೊಬ್ಬರು, ಮಗಳ ಅಂಕಪಟ್ಟಿಗೆ ಸಹಿ ಹಾಕಿ, ತಾವೂ ಎಸ್ಸೆಸ್ಸೆಲ್ಸಿ ಕಟ್ಟಬಹುದೇ ಎಂದು ಮೆಲ್ಲಗೆ ಕೇಳಿದರು. ಏಳನೆಯ ತರಗತಿಗೇ ಶಾಲೆ ಬಿಟ್ಟವರು. ಖಾಸಗಿ ಅಭ್ಯರ್ಥಿಯಾಗಿ ಕಟ್ಟಬಹುದು, ಮುಕ್ತ ಶಾಲೆಯ ದಾರಿಯೂ ಇದೆ ಎಂದೆ. ಈ ವಯಸ್ಸಿನಲ್ಲಿ ಯಾರಾದರೂ ಪಾಸಾದದ್ದುಂಟೇ ಎಂಬುದು ಅವರ ಮರುಪ್ರಶ್ನೆ. ಆಗ ನೆನಪಾದವರು ದುರ್ಗಾಬಾಯಿ.

ಅವರು ಹುಟ್ಟಿದ್ದು 1909ರಲ್ಲಿ, ಆಂಧ್ರದ ರಾಜಮಂಡ್ರಿಯಲ್ಲಿ. ಎಂಟನೆಯ ವಯಸ್ಸಿಗೆ ಮದುವೆ. ತಿಳಿವಳಿಕೆ ಬಂದ ಮೇಲೆ ಅದರಿಂದ ಹೊರಬಂದರು. ಇಂಗ್ಲಿಷ್ ಮಾಧ್ಯಮವನ್ನು ಪ್ರತಿಭಟಿಸಿ ಹನ್ನೆರಡರ ಸುಮಾರಿಗೆ ಶಾಲೆ ಬಿಟ್ಟು, ಹೆಣ್ಣುಮಕ್ಕಳಿಗಾಗಿ ಹಿಂದಿ ಪಾಠಶಾಲೆ ತೆರೆದರು. 1930ರ ಉಪ್ಪಿನ ಸತ್ಯಾಗ್ರಹದಿಂದ ಮೂರು ವರ್ಷಗಳೊಳಗೆ ಮೂರು ಸಲ ಸೆರೆವಾಸ. ಓದುಬರಹವಿಲ್ಲದೆ, ತಮ್ಮ ಪರ ಮಾತಾಡುವವರಿಲ್ಲದೆ ಶಿಕ್ಷೆ ಅನುಭವಿಸುತ್ತಿದ್ದ ಹೆಂಗಸರನ್ನು ಅಲ್ಲಿ ಕಂಡು ವಕೀಲೆಯಾಗಬೇಕೆಂದುಕೊಂಡರು. ವಕೀಲಿಕೆಗೆ ಪದವಿ ಬೇಕು, ಪದವಿಗೆ ಮೆಟ್ರಿಕ್ ಬೇಕು. ಅವರ ಕೈಯಲ್ಲಿ ಯಾವುದೂ ಇರಲಿಲ್ಲ. ವಯಸ್ಸು 24ರ ಹತ್ತಿರ.

ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಮೆಟ್ರಿಕ್ಕಿಗೆ ಖಾಸಗಿಯಾಗಿ ಓದಿದರು. ಒಮ್ಮೆ ಧಿಕ್ಕರಿಸಿದ್ದ ಇಂಗ್ಲಿಷನ್ನೂ ಕಲಿಯಬೇಕಾಯಿತು. ಮುಂದೆ ಆಂಧ್ರ ವಿಶ್ವವಿದ್ಯಾಲಯಕ್ಕೆ ಹೋದಾಗ ಕುಲಪತಿ ಸಿ. ಆರ್. ರೆಡ್ಡಿ, ಹಿಂದೆ ನಮ್ಮ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿದ್ದವರು. ಹೆಣ್ಣುಮಕ್ಕಳಿಗೆ ಹಾಸ್ಟೆಲ್ ಇಲ್ಲವೆಂದು ಅವರು ಹಿಂಜರಿದರೆ, ದುರ್ಗಾಬಾಯಿ ಇನ್ನಷ್ಟು ಹುಡುಗಿಯರನ್ನು ಕೂಡಿಸಿ ಹಾಸ್ಟೆಲನ್ನೇ ನಡೆಸಿದರು! 1942ರಲ್ಲಿ ಮದ್ರಾಸಿನಲ್ಲಿ ಕಾನೂನು ಪದವಿಯೂ ಆಯಿತು.

ತಾನು ದಾಟಿದ ಹೊಳೆಗೆ ಇತರರಿಗಾಗಿ ಸೇತುವೆ ಕಟ್ಟುವ ಕೆಲಸವನ್ನು ಓದುತ್ತಿರುವಾಗಲೇ ಹಿಡಿದಿದ್ದರು. 1937ರಲ್ಲಿ ಮದ್ರಾಸಿನಲ್ಲಿ ಆರಂಭಿಸಿದ ಆಂಧ್ರ ಮಹಿಳಾ ಸಭೆಯಲ್ಲಿ ಹೆಂಗಸರನ್ನು ಅದೇ ಬನಾರಸ್ ಮೆಟ್ರಿಕ್ಕಿಗೆ ತಯಾರು ಮಾಡುತ್ತಿದ್ದರು. ಸಂವಿಧಾನ ಸಭೆ, ಯೋಜನಾ ಆಯೋಗ, ಸಿ. ಡಿ. ದೇಶಮುಖರೊಂದಿಗೆ ಮದುವೆ ಎಲ್ಲ ಆದ ಮೇಲೆ, 1953ರಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿಯ ಮೊದಲ ಅಧ್ಯಕ್ಷೆಯಾದರು. ಹಳ್ಳಿಗಳಿಗೆ ಶಿಕ್ಷಕಿ, ದಾದಿ, ಗ್ರಾಮಸೇವಕಿಯರು ಬೇಕಿದ್ದರು; ಆ ತರಬೇತಿಗೆ ಬೇಕಾದ ವಿದ್ಯಾರ್ಹತೆಯ ಹೆಂಗಸರು ಸಿಗುತ್ತಿರಲಿಲ್ಲ. ಇತ್ತ ವಿಧವೆಯರೂ ಗಂಡ ಬಿಟ್ಟವರೂ ಅರ್ಧ ಓದು ಹೊತ್ತು ಮನೆಯಲ್ಲಿದ್ದರು. ಇವೆರಡನ್ನೂ ಜೋಡಿಸಿದ್ದು 1958ರ ಸಂಕ್ಷಿಪ್ತ ಶಿಕ್ಷಣ ಯೋಜನೆ: ಎರಡು ವರ್ಷದ ಪಾಠ, ಆಮೇಲೆ ಮೆಟ್ರಿಕ್ ಪರೀಕ್ಷೆ.

ಪ್ರಶಿಕ್ಷಣಾರ್ಥಿಗಳಾದ ನಾವು ಇಲ್ಲಿ ಸ್ವಲ್ಪ ನಿಲ್ಲಬೇಕು. ಮಕ್ಕಳಿಗೆ ಹಲವು ವರ್ಷ ಹಿಡಿಯುವ ಪಾಠ ಎರಡೇ ವರ್ಷಕ್ಕೆ ಹೇಗೆ ಹಿಡಿಸೀತು? ವಯಸ್ಕರು ಖಾಲಿ ಸ್ಲೇಟಲ್ಲ. ಚೀಟಿ ಹಣ, ಬಡ್ಡಿ, ರೇಷನ್ ಲೆಕ್ಕ ಮಾಡುವವರಿಗೆ ಶೇಕಡಾವಾರು ಹೊಸದಲ್ಲ, ಅದನ್ನು ಬರೆಯುವ ಕ್ರಮವಷ್ಟೇ ಹೊಸದು. ಆದರೂ ಈ ಅವಸರದಲ್ಲಿ ಇಂಗ್ಲಿಷ್ ಮಾತ್ರ ಸೊರಗುತ್ತದೆ ಎಂಬುದು ನನ್ನ ಅನುಮಾನ.

ದುರ್ಗಾಬಾಯಿ 1981ರಲ್ಲಿ ತೀರಿಕೊಂಡರು. ಈ ಕಥೆಯನ್ನೆಲ್ಲ ಕೇಳಿದ ಆ ತಾಯಿ, ಹಾಗಾದರೆ ಗಣಿತ ಯಾರು ಹೇಳಿಕೊಡುತ್ತಾರೆ ಎಂದರು. ನಮ್ಮ ಅಭ್ಯಾಸ ಬೋಧನೆ ಮುಗಿಯಲು ಇನ್ನೂ ಎರಡು ವಾರವಿತ್ತು. ಸಂಜೆ ಕೊನೆಯ ಬೆಲ್ ಆದ ಮೇಲೆ ಭಿನ್ನರಾಶಿಯಿಂದ ಶುರು ಮಾಡಿದೆವು.