ಹ್ಯಾನ್ಸ್ ಪೀಟರ್ ಲೂನ್: ಡಿಕ್ಷನರಿಯ ಹಿಂದಿನ ಲೆಕ್ಕಿಗ

ಪ್ರೋಗ್ರಾಮಿಂಗ್ ಕಲಿಯುವವರಿಗೆ ಆರಂಭದಲ್ಲೇ ಎದುರಾಗುವ 'ಡಿಕ್ಷನರಿ'ಯ ಬೆನ್ನೆಲುಬು ಹ್ಯಾಶಿಂಗ್ ತಂತ್ರ. ಅದನ್ನು ಕಾಗದಕ್ಕಿಳಿಸಿದ ಮೊದಲಿಗರೆಂಬ ಮನ್ನಣೆ ಹ್ಯಾನ್ಸ್ ಪೀಟರ್ ಲೂನ್ ಅವರದು. 1896ರಲ್ಲಿ ಜರ್ಮನಿಯ ಬಾರ್ಮೆನ್‌ನಲ್ಲಿ ಜನಿಸಿದ ಲೂನ್ ಜವಳಿ ಉದ್ಯಮದಲ್ಲಿ ಪಳಗಿದವರು. ಬಟ್ಟೆಯ ಎಳೆಗಳನ್ನು ಎಣಿಸುವ 'ಲೂನೋಮೀಟರ್' ಅವರದೇ ಸೃಷ್ಟಿ. 1941ರಲ್ಲಿ ಅಮೆರಿಕದ ಐಬಿಎಂ ಸೇರಿದರು.

ಹೆಸರು ಕೊಟ್ಟೊಡನೆ ದೂರವಾಣಿ ಸಂಖ್ಯೆ ದೊರೆಯಬೇಕು ಎನ್ನಿ. ಇಲ್ಲಿ ಹೆಸರು ಕೀಲಿ, ಸಂಖ್ಯೆ ಮೌಲ್ಯ. ಪಟ್ಟಿಯನ್ನು ಮೊದಲಿನಿಂದ ಹುಡುಕುತ್ತ ಹೋದರೆ, ಅದು ಬೆಳೆದಷ್ಟೂ ವಿಳಂಬ. 1953ರ ಜನವರಿಯಲ್ಲಿ ಸಂಸ್ಥೆಯ ಆಂತರಿಕ ಟಿಪ್ಪಣಿಯೊಂದರಲ್ಲಿ ಲೂನ್ ಬೇರೆ ದಾರಿ ತೋರಿದರು. ಕೀಲಿಯ ಮೇಲೆಯೇ ಲೆಕ್ಕ ಮಾಡಿ, ಬಂದ ಉತ್ತರವನ್ನು ಗೂಡಿನ ಸಂಖ್ಯೆಯೆಂದು ಬಗೆದು, ಮಾಹಿತಿಯನ್ನು ಅಲ್ಲಿಡುವುದು. ಬೇಕಾದಾಗ ಅದೇ ಲೆಕ್ಕದಿಂದ ನೇರವಾಗಿ ಆ ಗೂಡಿಗೇ ಹೋಗುವುದು. ಎರಡು ಕೀಲಿಗಳಿಗೆ ಒಂದೇ ಗೂಡು ಬಂದರೆ? ಅವನ್ನು ಸರಪಳಿಯಂತೆ ಜೋಡಿಸುವುದು.

ಇಂದಿನ ಪೈಥಾನ್ ಭಾಷೆ ಸರಪಳಿಯ ಬದಲು ಇನ್ನೊಂದು ಖಾಲಿ ಗೂಡನ್ನು ಅರಸುತ್ತದೆ. ಮೂಲ ಉಪಾಯ ಮಾತ್ರ ಅದೇ. ಅಲ್ಲಿ ಒಂದು ಕೀಲಿಗೆ ಒಂದೇ ಮೌಲ್ಯ. ಹೊಸದನ್ನು ಕೊಟ್ಟರೆ ಹಳೆಯದು ಹೋಗುತ್ತದೆ. ಇಲ್ಲದ ಕೀಲಿಯನ್ನು ಚೌಕ ಆವರಣದಲ್ಲಿಟ್ಟು ಕೇಳಿದರೆ ದೋಷದ ಸೂಚನೆ ಬರುತ್ತದೆ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ.

ಟಿಪ್ಪಣಿ ಸಂಸ್ಥೆಯೊಳಗೇ ಉಳಿಯಿತು. 1956ರಲ್ಲಿ ಈ ತಂತ್ರವನ್ನು ಬಹಿರಂಗವಾಗಿ ಪ್ರಕಟಿಸಿದವರು ಆರ್ನಾಲ್ಡ್ ಡ್ಯೂಮಿ. ಲೂನ್ ಹೆಸರು ಉಳಿದದ್ದು ಕ್ರೆಡಿಟ್ ಕಾರ್ಡ್ ಸಂಖ್ಯೆಯ ತಪ್ಪು ಹಿಡಿಯುವ ಸೂತ್ರದಲ್ಲಿ. 1954ರಲ್ಲಿ ಅರ್ಜಿ ಸಲ್ಲಿಸಿದ ಅದರ ಪೇಟೆಂಟ್ 1960ರಲ್ಲಿ ದೊರೆಯಿತು. ಎರಡರಲ್ಲಿ ದೊಡ್ಡದು ಹ್ಯಾಶಿಂಗ್ ಎನ್ನಲು ಅಡ್ಡಿಯಿಲ್ಲ. 1964ರಲ್ಲಿ ಅವರು ನಿಧನರಾದರು. ಪೈಥಾನ್ ಬಂದದ್ದು 1991ರಲ್ಲಿ.