ಜನರ ಮುಂದೆ ವಿಜ್ಞಾನವಿಟ್ಟ ಜಾನ್ ಟಿಂಡಾಲ್

ಭೂಮಿಯ ಬಿಸಿ ಏರುತ್ತಿರುವ ಈ ದಿನಗಳಲ್ಲಿ ನಾವು ಸ್ಮರಿಸಲೇಬೇಕಾದ ವಿಜ್ಞಾನಿ ಜಾನ್ ಟಿಂಡಾಲ್. 1820ರಲ್ಲಿ ಐರ್ಲೆಂಡಿನಲ್ಲಿ ಜನಿಸಿದ ಅವರು ಮೊದಲು ಭೂಮಾಪಕರಾಗಿ ದುಡಿದು, ಬಳಿಕ ಜರ್ಮನಿಯಲ್ಲಿ ವ್ಯಾಸಂಗ ಮಾಡಿ, 1853ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಪ್ರಾಧ್ಯಾಪಕರಾದರು.

ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಶಾಖವನ್ನು ಹೀರಿಕೊಳ್ಳುತ್ತವೆ, ಆಮ್ಲಜನಕ ಮತ್ತು ಸಾರಜನಕ ಬಹುಮಟ್ಟಿಗೆ ಹಾಯಗೊಡುತ್ತವೆ ಎಂಬುದನ್ನು 1859ರಿಂದ ನಡೆಸಿದ ಪ್ರಯೋಗಗಳಲ್ಲಿ ಅಳೆದು ತೋರಿಸಿದರು. ಆದರೆ ವಿಜ್ಞಾನ ಪಂಡಿತರ ಸೊತ್ತಾಗಿಯೇ ಉಳಿಯುವುದು ಅವರಿಗೆ ಒಪ್ಪಿಗೆಯಿರಲಿಲ್ಲ. ಸಾರ್ವಜನಿಕ ಉಪನ್ಯಾಸಗಳಲ್ಲಿ ಉಪಕರಣಗಳನ್ನು ಸಭಿಕರ ಎದುರಿಗಿಟ್ಟು ಪ್ರಯೋಗ ಮಾಡಿದರು. ಮಕ್ಕಳಿಗೂ ಕ್ರಿಸ್‌ಮಸ್ ಉಪನ್ಯಾಸಮಾಲೆ ನಡೆಸಿದರು. 1872-73ರ ಅಮೆರಿಕ ಪ್ರವಾಸದ ಉಪನ್ಯಾಸಗಳಿಂದ ಉಳಿದ ಹಣವನ್ನು ಅಲ್ಲಿನ ವಿಜ್ಞಾನ ಶಿಕ್ಷಣಕ್ಕೇ ಬಿಟ್ಟುಕೊಟ್ಟರು.

1893ರಲ್ಲಿ, ಪತ್ನಿಯ ಕೈತಪ್ಪಿನಿಂದ ಔಷಧದ ಪ್ರಮಾಣ ಮಿತಿಮೀರಿ ಅವರು ನಿಧನರಾದರು. ಅವರು ತೋರಿಸಿಕೊಟ್ಟ ಸತ್ಯವನ್ನು ಜನರ ಭಾಷೆಯಲ್ಲಿ ಜನರಿಗೆ ಮುಟ್ಟಿಸುವುದೇ ನಾವು ಸಲ್ಲಿಸಬಹುದಾದ ನಿಜವಾದ ಗೌರವ.