ದಲಿತ ಮಕ್ಕಳಿಗೆ ಶಾಲೆಯ ಬಾಗಿಲು ತೆರೆದ ಕುದ್ಮುಲ್ ರಂಗರಾವ್

ಕುದ್ಮುಲ್ ರಂಗರಾವ್ ಅವರು 1859ರ ಜೂನ್ 29ರಂದು ಕಾಸರಗೋಡಿನ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದರು. ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡ ಅವರು ಕೆಲಸ ಅರಸಿ ಮಂಗಳೂರಿಗೆ ಬಂದು ಶಿಕ್ಷಕರಾದರು. ದುಡಿಯುತ್ತಲೇ ಓದು ಮುಂದುವರಿಸಿ ವಕೀಲರಾದರು.

1892ರಲ್ಲಿ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದಾಗ ಸ್ವಜಾತಿಯವರೇ ಅವರಿಗೆ ಬಹಿಷ್ಕಾರ ಹಾಕಿದರು. ಆದರೂ ಅವರು ಹಿಂಜರಿಯಲಿಲ್ಲ. ಮಗು ಶಾಲೆಗೆ ಬಂದರೆ ಬಡವರ ಮನೆಗೆ ಆ ದಿನದ ಕೂಲಿ ತಪ್ಪುತ್ತದೆ ಎಂಬುದನ್ನು ಅರಿತು ಮಧ್ಯಾಹ್ನದ ಊಟದ ಜೊತೆಗೆ ದಿನಕ್ಕೆ 2 ಪೈಸೆ ಕೊಡುವ ವ್ಯವಸ್ಥೆ ಮಾಡಿದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಶಾಲೆಯ ಜೊತೆಗೆ ವಸತಿಗೃಹ ಮತ್ತು ಕೈಕಸುಬಿನ ತರಬೇತಿಯೂ ಆರಂಭವಾಯಿತು.

ತಮ್ಮ ಶಾಲೆಯಲ್ಲಿ ಕಲಿತ ಮಗು ದೊಡ್ಡ ಹುದ್ದೆಗೇರಿ ಕಾರಿನಲ್ಲಿ ಸಾಗುವಾಗ ಏಳುವ ಧೂಳು ತಮ್ಮ ತಲೆಗೆ ತಾಗಿದರೆ ಜನ್ಮ ಸಾರ್ಥಕ ಎಂಬುದು ಅವರ ಹಂಬಲವಾಗಿತ್ತು. 1928ರ ಜನವರಿ 30ರಂದು ಅವರು ನಿಧನರಾದರು. 1934ರಲ್ಲಿ ಗಾಂಧೀಜಿ ಅವರ ಶಾಲೆಗೆ ಭೇಟಿ ನೀಡಿದರು. ಮಂಗಳೂರಿನ ಪುರಭವನ ಇಂದು ಅವರ ಹೆಸರಿನಲ್ಲಿದೆ.

ಮನೆಯಿಂದ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತುವ ಮಕ್ಕಳಿಗೆ ಸೀಟು ಸಿಕ್ಕಿದರಷ್ಟೇ ಸಾಲದು. ಊಟ, ಬಸ್ಸಿನ ಖರ್ಚು, ಉಳಿಯಲು ಜಾಗ, ಕೇಳಿದ್ದಕ್ಕೆ ದಾರಿ ಹೇಳುವವರೂ ಬೇಕು. ರಂಗರಾಯರು ಅಂದೇ ಕಂಡುಕೊಂಡ ಸತ್ಯವಿದು.